ಭಾವನ ಎತ್ತರದ ಗೈಡು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹುಟ್ಟಿದಾಗಿನಿಂದ ಒಂದೇ ಒಂದು ತಪ್ಪು ಮಾಡಿಲ್ಲ. ನಂಬಿಕೆ ಬರದಿದ್ದರೆ ಅವರನ್ನೇ ಕೇಳಿ! ಚೆಟ್ಟಳ್ಳಿಯ ತಿರುವಿನಲ್ಲಿ ಅವರ ಜೀಪು ಚರಂಡಿಗೆ ಇಳಿದಾಗ ತಪ್ಪು ಚರಂಡಿಯದಾಗಿತ್ತು. ಹಿಂದಿನ ವಾರ ಅದು ರಸ್ತೆಗೆ ಅಷ್ಟು ಹತ್ತಿರ ಇರಲಿಲ್ಲವಂತೆ. ನೆಂಟರ ಮದುವೆಗೆಂದು ಹೊರಟು ಯಾರದೋ ಮದುವೆಯಲ್ಲಿ ಉಂಡು ಬಂದರಲ್ಲ, ಆಗ ತಪ್ಪು ಆ ಅಡುಗೆಯವರದು. ಹಂದಿಸಾರು ಅಷ್ಟು ರುಚಿಯಾಗಿದ್ದರೆ ಯಾರಿಗಾದರೂ ಇವರು ನಮ್ಮವರೇ ಅನ್ನಿಸುವುದಿಲ್ಲವೇ?

ನನ್ನ ಗೃಹಪ್ರವೇಶದ ದಿನ ಪುರೋಹಿತರು ಹೊಸ್ತಿಲಲ್ಲಿ ಕಾಯುತ್ತಿದ್ದರು. ಭಾವ ಜೇಬಿನಿಂದ, ಮೂಲೆ ನೇರವಿದೆಯೇ ಎಂದು ಬಡಗಿಗಳು ನೋಡುವ ಮೂಲೆಮಟ್ಟ ತೆಗೆದು ಬಾಗಿಲ ಚೌಕಟ್ಟಿಗೆ ಹಿಡಿದರು. ಸುತ್ತಲಿನವರೆಲ್ಲ ಅದೂ ಒಂದು ಶಾಸ್ತ್ರವೆಂದೇ ತಿಳಿದು ಕೈಮುಗಿದರು. ಭಾವ ಒಂದು ಕಣ್ಣು ಮುಚ್ಚಿ ನೋಡಿ, "ಒಳಗೆ ಹೋಗ್, ತೊಂದರೆ ಇಲ್ಲೆ. ಆದ್ರೆ ನಿನ್ನ ಮನೆ ಸ್ವಲ್ಪ ಹಾರಂಗಿ ಹೊಳೆ ಕಡೆಗೆ ವಾಲಿಕಂಡ್ ಉಟ್ಟು" ಎಂದರು. ಅಂದಿನಿಂದ ನಾನು ಮಂಚದ ಹಾರಂಗಿ ಕಡೆಯ ಕಾಲಿಗೆ ರಟ್ಟು ಕೊಟ್ಟು ಮಲಗುತ್ತಿದ್ದೇನೆ.

ಇಂಥವರು ಹಳೆಯ ಕಾಫಿ ಗೋಡೌನಿಗೆ ಒಂದು ಟೇಬಲ್ ಸಾ ತಂದು ಇಳಿಸಿದರು. ಮೇಜಿನ ನಡುವಿನಿಂದ ದುಂಡನೆಯ ಗರಗಸ ತಲೆಯೆತ್ತಿ ಗಿರ್ರನೆ ತಿರುಗುತ್ತದೆ, ನಾವು ಹಲಗೆಯನ್ನು ಅದರತ್ತ ತಳ್ಳುತ್ತಾ ಹೋಗಬೇಕು. ಅದರ ಸದ್ದು ಕೇಳಿದ ದಿನದಿಂದ ಅಕ್ಕನಿಗೆ ನಿದ್ದೆ ಹೋಯಿತು. ಊಟಕ್ಕೆ ಕೂತ ಭಾವ ಮೊದಲು ಎರಡೂ ಕೈ ಚಾಚಿ ತೋರಿಸಬೇಕು, ಆಮೇಲೆ ಅನ್ನ. ಶಾಲೆಯಲ್ಲಿ ಉಗುರು ನೋಡುತ್ತಾರಲ್ಲ, ಹಾಗೆ. ಇಲ್ಲಿ ಉಗುರಿನ ಜೊತೆ ಬೆರಳೂ ಇದೆಯೇ ಎಂದು ನೋಡುವುದು, ಅಷ್ಟೇ ವ್ಯತ್ಯಾಸ.

ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಗಾಳಿಗೆ ಬಿದ್ದ ಹಲಸಿನ ಮರದಿಂದ ಸಿಕ್ಕ ಅಗಲದ ಹಲಗೆ ಒಂದೇ. ಅದನ್ನು ದಪ್ಪದಲ್ಲಿ ಸೀಳಿ ಎರಡು ಮಾಡಿ, ಅಕ್ಕನ ಕಪಾಟಿಗೆ ಜೋಡಿ ಬಾಗಿಲು ಮಾಡಬೇಕು. ಬಾಗಿಲು ಸರಿಬಂದರೆ ಮೆಷಿನ್ ಮನೆಯಲ್ಲಿರುತ್ತದೆ. ಹಲಗೆ ಹಾಳಾದರೆ ಮೆಷಿನ್ ಕುಶಾಲನಗರದ ಮರದ ಮಿಲ್ಲಿಗೆ.

"ಆಮೇಲೆ ಮಾತು ತಿರುಗಿಸಿಕೆ ಇಲ್ಲೆ" ಎಂದಳು ಅಕ್ಕ.

"ನಾ ಯಾವಾಗ ತಪ್ಪಿದ್ದೆ?" ಎಂದರು ಭಾವ.

ತೊಡಕೊಂದಿತ್ತು. ಹಾಗೆ ಸೀಳಲು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ತಳ್ಳಬೇಕು. ಹಲಗೆಯನ್ನು ಒರಗಿಸಿಕೊಳ್ಳಲು ಮೆಷಿನ್ ಜೊತೆ ಬಂದ ಗೈಡು ನಾಲ್ಕು ಬೆರಳು ಎತ್ತರವೂ ಇರಲಿಲ್ಲ. ಭಾವ ಅದಕ್ಕೆ ಮೊಣಕೈಯುದ್ದದ ಇನ್ನೊಂದು ಹಲಗೆಯನ್ನು ಬೋಲ್ಟು ಹಾಕಿ ನಿಲ್ಲಿಸಿದರು. ಇಷ್ಟೆತ್ತರ ಯಾಕೆ ಎಂದು ಕೇಳಿದ್ದೇ ನನ್ನ ತಪ್ಪಾಯಿತು.

"ಹಬ್ಬದ ದಿನ ಎರಡು ಪೆಗ್ ಹೆಚ್ಚಾದ ನಿನ್ನ ಮಾವನ್ನ ಜೀಪಿಗೆ ಹತ್ತಿಸುವಾಗ ಎಲ್ಲಿ ಹಿಡಿತೀಯ? ಮೊಣಕಾಲಾ?"

"ಹೆಗಲು."

"ಹಲಗೆಗೂ ಅಷ್ಟೇ. ಕೆಳಗೆ ಮಾತ್ರ ಹಿಡಿದ್ರೆ ಮೇಲಿಂದ ವಾಲುದು. ವಾಲಿದ್ರೆ ಗರಗಸ ಕಚ್ಚಿಕಂಡ್ ಹಲಗೆನ ತಿರುಗಿ ನಿನ್ನ ಮೇಲೆ ಎಸೆಯುದು."

ಗೈಡು ಸಿದ್ಧವಾಯಿತು. ಮೂಲೆಮಟ್ಟ ಹಿಡಿದು ನೋಡಿದರೆ ಕೂದಲೆಳೆಯಷ್ಟೂ ಸಂದಿಲ್ಲ. ಅಷ್ಟರಲ್ಲಿ ಕೈಲ್ ಮುಹೂರ್ತ ಬಂತು. ಗದ್ದೆ ಕೆಲಸ ಮುಗಿಸಿ ಕೋವಿ, ಕತ್ತಿ, ನೇಗಿಲುಗಳನ್ನು ತೊಳೆದಿಟ್ಟು ಪೂಜಿಸುವ ಹಬ್ಬವಿದು. ಪೂಜೆಯಾಗುವ ತನಕ ಆಯುಧ ಮುಟ್ಟುವಂತಿಲ್ಲ. ಕೋವಿಗೆ ಪೂಜೆಯಾದ ಮೇಲೆ ಅಕ್ಕ ತಟ್ಟೆ ಹಿಡಿದು ನೇರ ಗೋಡೌನಿಗೆ ನಡೆದಳು. ಯಾವ ಮೆಷಿನ್ನನ್ನು ಕಂಡರೆ ಬೆಂಕಿಯಾಗುತ್ತಿದ್ದಳೋ ಅದರ ಮುಂದೆ ದೀಪ ಹಚ್ಚಿ, ಎತ್ತರದ ಗೈಡಿನ ಮೈಗೆಲ್ಲ ಗಂಧ ಬಳಿದು, ಗಂಧದ ಮೇಲೆ ಅಕ್ಕಿಕಾಳು ಅಂಟಿಸಿ, ಕಣ್ಣುಮುಚ್ಚಿ ತುಂಬ ಹೊತ್ತು ನಿಂತಳು. ಇಷ್ಟು ಭಕ್ತಿ ದೇವರ ಕೋಣೆಯಲ್ಲೂ ನಾನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಎದುರಿಗೆ ಕಂಡ ಗಂಧವನ್ನೆಲ್ಲ ಒರೆಸಿ ಹಲಗೆ ನಿಲ್ಲಿಸಿದರು. ಇನ್ನೊಮ್ಮೆ ಮೂಲೆಮಟ್ಟ ಹಿಡಿದು ನೋಡಬಾರದೇ ಎಂದೆ. "ನಾ ನೋಡಿದ ಮೇಲೆ ಮುಗಿತ್" ಎಂದರು. ಒಂದು ಅಂಚಿನಿಂದ ಸೀಳಿದರು, ಮಗುಚಿ ಇನ್ನೊಂದು ಅಂಚಿನಿಂದ ಸೀಳಿದರು, ನಡುವೆ ಉಳಿದದ್ದನ್ನು ಕೈಗರಗಸದಲ್ಲಿ ಬಿಡಿಸಿದರು. ಎರಡು ಭಾಗ ಬೇರೆಯಾದವು. ಒಂದರ ನಡುಭಾಗ ಹಪ್ಪಳದಷ್ಟು ತೆಳ್ಳಗೆ, ಇನ್ನೊಂದಕ್ಕೆ ಬೊಜ್ಜು!

ಭಾವ ಗೈಡಿನ ಉದ್ದಕ್ಕೂ ಕೈಯಾಡಿಸಿದರು. ಗರಗಸದಾಚೆಗಿನ ಕತ್ತಲ ಮೂಲೆಯಲ್ಲಿ, ಮೇಲುತುದಿಯಲ್ಲಿ, ಬೆರಳು ನಿಂತಿತು. ಅಕ್ಕಿಕಾಳಿನ ಸಮೇತ ಕಲ್ಲಾಗಿ ಒಣಗಿದ್ದ ಒಂದು ಗಂಧದ ಬೊಟ್ಟು. ಅದೇ ಹಲಗೆಯ ತಲೆಯನ್ನು ಆಚೆಗೆ ದೂಡಿತ್ತು. ನನಗೆ ಒಳಗೊಳಗೇ ಖುಷಿ. ಜೀವಮಾನದಲ್ಲಿ ಮೊದಲ ಸಲ ಭಾವನದು ನಿಜವಾಗಿಯೂ ತಪ್ಪಿಲ್ಲ! ಇನ್ನು ಅಕ್ಕನಿಗೆ ಉಳಿಗಾಲವುಂಟೇ?

ಅಕ್ಕ ಕಾಫಿ ಹಿಡಿದು ಬಂದಳು. ಸೀಳಿದ ಹಲಗೆಗಳನ್ನು ನೋಡಿ ಅಲ್ಲೇ ನಿಂತಳು.

"ಎಂತ ಆತ್?"

ಭಾವ ಗೈಡಿಗೆ ಬೆನ್ನು ಕೊಟ್ಟು ಆ ಮೂಲೆಯನ್ನು ಮರೆಮಾಡಿ ನಿಂತರು. "ನನ್ನದೇ ತಪ್ಪು. ಕೈ ಅಲುಗಿತ್. ಮಿಲ್ಲಿನವರಿಗೆ ಫೋನ್ ಮಾಡ್."

ಅಕ್ಕ ಲೋಟ ಕೆಳಗಿಟ್ಟು ಅವರ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ನಾನು ನಿಜ ಹೇಳಲು ಬಾಯಿ ತೆರೆದೆ, ಭಾವನ ಗಂಬೂಟು ನನ್ನ ಕಾಲ ಮೇಲೆ ಬಂದು ಕೂತಿತು. ಅಕ್ಕ ಅವರ ಕೈಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಬೆರಳು ಉಟ್ಟಲ್ಲ, ಸಾಕು. ಕಪಾಟಿಗೆ ಇದೇ ಬಾಗಿಲು ಹಾಕಿ. ಮೆಷಿನ್ ಎಲ್ಲಿಗೂ ಕಳಿಸುದು ಬೊತ್ತು, ಇಲ್ಲೇ ಇರಲಿ. ಮುಂದಿನ ಸಲ ನನ್ನ ಕರೀರಿ, ಆಚೆ ತುದಿಲಿ ನಾ ಹಿಡಿದು ನಿಲ್ತೇನೆ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದಳು.

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಅವತ್ತು ನಗು ಬರಲಿಲ್ಲ. ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡಿರಿ, ಮೆಷಿನ್ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಭಾವ ಒದ್ದೆ ಬಟ್ಟೆಯನ್ನು ಒಣಗಿದ ಗಂಧದ ಮೇಲಿಟ್ಟು ಅದು ನೆನೆಯುವ ತನಕ ಹಿಡಿದುಕೊಂಡೇ ಇದ್ದರು.

"ನನ್ನ ಬೆರಳಿಗಾಗಿ ಅವಳು ಇಟ್ಟ ಗಂಧ ಇದ್. ಇದರಿಂದ ಹಾಳಾತ್ ಅಂತ ಗೊತ್ತಾದ್ರೆ ಬರೋ ವರ್ಷ ಇಡುದಕ್ಕೆ ಹೆದರ್ತಾಳೆ. ಹೆದರುದು ಈಗ ಇರುದೇ ಸಾಕು ಅವಳಿಗೆ."