ಮಾವನ ಏಳು

ಹಿತ್ತಲಿನಾಚೆ ಗೂಡ್ಸ್ ರೈಲು ಗೇಟು ದಾಟುತ್ತ ಉದ್ದಕ್ಕೆ ಕೂಗಿತು. ಫ್ಲಿಂಟ್ ಊರಿನಲ್ಲಿ ಕಾರು ಕಾರ್ಖಾನೆಗಳ ಸೈರನ್ ನಿಂತ ಮೇಲೆ ಹೊತ್ತು ಹೇಳಲು ಉಳಿದದ್ದು ಅದೊಂದೇ. ಕೂಗು ಅಡಗುವವರೆಗೆ ಕಾದು ವರ್ಲಿನ್ ಹೆಂಡತಿಗೆ ತನ್ನ ಪ್ರತಿಜ್ಞೆ ಕೇಳಿಸಿದ.

"ಬರ್ನಿ, ನಿಮ್ಮಪ್ಪನ ಕಾರಲ್ಲಿ ಒಂದು ಸ್ಕ್ರೂ ಕೂಡ ಹೊರಗಿಂದು ಇರಲ್ಲ. ಶನಿವಾರ ಹಳೇ ಕಾರುಗಳ ಪ್ರದರ್ಶನದಲ್ಲಿ ಪರೀಕ್ಷಕರು ಕನ್ನಡಿ ಹಿಡಿದು ಹುಡುಕಲಿ. ನೂರಕ್ಕೆ ನೂರು ಅಸಲಿ."

"ಅಪ್ಪ ಇಲ್ಲ, ಅವರ ಕಾರಾದ್ರೂ ಓಡಿದ್ರೆ ನಂಗೆ ಸಾಕು," ಎಂದಳು ಬರ್ನಡೀನ್. "ಇಂಜಿನ್ನಿಗೆ ಮಾತ್ರ ಜಾಸ್ತಿ ಕೈ ಹಾಕ್ಬೇಡ."

ಹಾಕಬೇಡ ಎಂದಲ್ಲಿ ಹಾಕುವುದು ವರ್ಲಿನ್ನನ ಜಾಯಮಾನ.

ಹಳೆಯ ಕಾರಿನ ಕುಲಗೋತ್ರವೆಲ್ಲ ಸಂಖ್ಯೆಯಲ್ಲಿದೆ. ಮುಂದಿನ ಗಾಜಿನ ಬುಡದ ನಂಬರು ತಗಡಿನಲ್ಲಿರುವ ಕೊನೆಯ ಅಂಕಿಗಳೇ ಇಂಜಿನ್ನಿನ ಹಣೆಯ ಚಪ್ಪಟೆ ಜಾಗದ ಮೇಲೂ ಅಚ್ಚೊತ್ತಿರಬೇಕು. ಇದ್ದರೆ ಅಸಲಿ, ಇಲ್ಲದಿದ್ದರೆ ಯಾರದೋ ಹೃದಯ ಕಸಿ ಮಾಡಿಸಿಕೊಂಡ ಕಾರು. ಮಾವನ ಕಾರಿನ ಹಣೆಬರಹ ಹಳೆಯ ಬಣ್ಣದಡಿಯಲ್ಲಿ ಮಸುಕಾಗಿತ್ತು.

ಪಕ್ಕದ ಮನೆಯ ಡ್ವೇನ್ ಬೇಲಿಯ ಮೇಲಿಂದ ಇಣುಕಿದ. "ಪರೀಕ್ಷಕರ ಕಣ್ಣಿಗೆ ಕಾಣದಿದ್ರೆ ಆ ನಂಬರು ಇದ್ದೂ ಇಲ್ಲದ ಹಾಗೆ ಕಣಯ್ಯ."

ವರ್ಲಿನ್ ಬಟ್ಟೆಯಿಂದ ಒರೆಸಿದ. ಏನೂ ಆಗಲಿಲ್ಲ. ತಂತಿ ಬ್ರಷ್ಷಿನಿಂದ ತಿಕ್ಕಿದ. ಮೂರರ ಅಂಕಿಯೊಂದು ತಲೆ ಎತ್ತಿತು. ಹುಮ್ಮಸ್ಸು ಬಂತು, ಲೋಹ ಉಜ್ಜುವ ಗ್ರೈಂಡರ್ ತಂದ. ಇಂಜಿನ್ನಿನ ಹಣೆ ಮುಖ ನೋಡಿಕೊಳ್ಳುವಷ್ಟು ಹೊಳೆಯಿತು. ನೋಡಿಕೊಂಡ. ಕಂಡದ್ದು ಅವನ ಮುಖ ಮಾತ್ರ. ಅಂಕಿ ಒಂದೂ ಇರಲಿಲ್ಲ.

"ಏನಾಯ್ತೋ?" ಎಂದ ಡ್ವೇನ್.

"ಸ್ವಲ್ಪ ಜಾಸ್ತಿ ಅಸಲಿ ಆಯ್ತು."

ಡ್ವೇನ್‌ನಿಂದ ಅಂಕಿಯ ಅಚ್ಚುಗಳನ್ನು ಎರವಲು ತಂದು, ನಂಬರು ತಗಡು ನೋಡಿಕೊಂಡು, ಅಳತೆಪಟ್ಟಿ ಇಟ್ಟು, ಉಸಿರು ಬಿಗಿಹಿಡಿದು ಸುತ್ತಿಗೆಯಿಂದ ಹೊಡೆದ. ಅಂಕಿಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತವು. ಜಗತ್ತಿನ ಯಾವ ಪರೀಕ್ಷಕನೂ ಕೊಂಕು ತೆಗೆಯಲಾರ ಎಂದು ಕುಕ್ಕರುಗಾಲಲ್ಲಿ ಕುಳಿತು ಆನಂದಿಸುತ್ತಿದ್ದಾಗ ಬರ್ನಡೀನ್ ಕಾಫಿ ತಂದಳು. ಎಂದಿನಂತೆ ಎತ್ತಲೋ ನೋಡುತ್ತ ಇಂಜಿನ್ನಿನ ಹಣೆಯ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು.

"ಏಳು," ಎಂದಳು.

ವರ್ಲಿನ್ ಎದ್ದು ನಿಂತ.

"ನೀನಲ್ಲ. ಅಪ್ಪನ ಏಳು. ಎಲ್ಲಿ?"

"ಇಲ್ಲೇ ಇದೆಯಲ್ಲ, ಕೊನೇಲಿ."

"ಇದು ನೆಟ್ಟಗಿದೆ ವರ್ಲಿನ್. ಅಪ್ಪ ಎಡಚ. ಜೀವಮಾನವೆಲ್ಲ ಕಾರ್ಖಾನೇಲಿ ಇಂಜಿನ್ನಿಗೆ ನಂಬರು ಹೊಡೆದ್ರು, ಒಂದು ಏಳೂ ನೆಟ್ಟಗೆ ಬೀಳಲಿಲ್ಲ. ಆ ಸೊಟ್ಟ ಏಳು ನೋಡಿಯೇ ಇದು ತಾನು ಹೊಡೆದ ಇಂಜಿನ್ ಅಂತ ಗುರುತು ಹಿಡಿದು ಈ ಕಾರು ಕೊಂಡದ್ದು. ಪ್ರತಿ ಕ್ರಿಸ್‌ಮಸ್ಸಿಗೂ ಹೇಳ್ತಿದ್ರಲ್ಲ."

ಹೇಳುತ್ತಿದ್ದರು, ನಿಜ. ಮಾವ ಆ ಕತೆ ತೆಗೆದಾಗಲೆಲ್ಲ ವರ್ಲಿನ್ ಪಿಯೆರೋಗಿ ಕಡುಬಿನ ತಟ್ಟೆಯೊಳಗೆ ತಲೆ ಹುದುಗಿಸಿರುತ್ತಿದ್ದ.

"ಅವರು ಕಾಗದದ ಮೇಲೆ ಏನೂ ಬರೀತಿರಲಿಲ್ಲ," ಎಂದಳು ಮೆಲ್ಲಗೆ. "ಅಪ್ಪನ ಕೈಬರಹ ಅಂತ ನಂಗೆ ಉಳಿದದ್ದು ಅದೊಂದೇ."

ವರ್ಲಿನ್ ಈ ಕಾರಿನ ನಟ್ಟು, ಕೊಳವೆ, ವೈಪರಿನ ತುದಿಯನ್ನು ಕೂಡ ಬಿಡದೆ ಫೋಟೋ ತೆಗೆದಿದ್ದ. ಹಣೆಯದೊಂದನ್ನು ಮಾತ್ರ ಹೊಳಪು ಬಂದ ಮೇಲೆ ತೆಗೆಯೋಣ ಎಂದುಕೊಂಡಿದ್ದ.

"ಬರ್ನಿ, ಇದನ್ನ ಉಜ್ಜಿ ಮತ್ತೆ ಹೊಡೀತೀನಿ. ಸೊಟ್ಟಗೇ ಹೊಡೀತೀನಿ, ಪರೀಕ್ಷಕರು ಏನಾದ್ರೂ ಅಂದುಕೊಳ್ಳಲಿ. ಯಾವ ಕಡೆ ವಾಲಿತ್ತು, ಅಷ್ಟು ಹೇಳು."

ಅವಳು ಗಾಳಿಯಲ್ಲಿ ಬೆರಳೆತ್ತಿ ಎಡಕ್ಕೆ ಓರೆಯಾಗಿ ಒಂದು ಏಳು ಬರೆದಳು. ತಡೆದಳು. ಬಲಕ್ಕೆ ಬರೆದಳು. ಆಮೇಲೂ ಬೆರಳು ಗಾಳಿಯಲ್ಲೇ ಇತ್ತು. ಅವಳು ಅದನ್ನು ಕಣ್ಣಿನಿಂದ ನೋಡಿದವಳಲ್ಲ, ಬೆರಳಿನಿಂದ ಬಲ್ಲವಳು.

"ಈ ಕಡೆ," ಎಂದಳು. "ಅಲ್ಲ, ಅಪ್ಪ ನನ್ನ ಬೆರಳು ಹಿಡಿದು ಅದರ ಮೇಲೆ ಇಡ್ತಿದ್ದಾಗ ನಾನು ಆ ಕಡೆ ನಿಂತಿರ್ತಿದ್ದೆ, ಹಾಗಾದ್ರೆ ಅದು," ಎನ್ನುತ್ತ ಕಾಫಿಯ ಕಪ್ಪನ್ನು ಅವನ ಕೈಗಿತ್ತು, ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಹೊರಗೆ ನಡೆದಳು.