ಇಲ್ಲದ ಮಗಳಿಗೆ ಖಂಡ ನೋಡಿದ್ದು

ಏಳು ಖಂಡಗಳಲ್ಲಿ ಆರನ್ನು ಬೇಡವೆಂದು ತಳ್ಳಿಹಾಕಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಮನೆಗೇ ಸೊಸೆಯಾಗಿ ಹೋಗಿದ್ದೆ! ನನ್ನ ಮಾವ ಸೊರಬದ ಹೊಸಬಾಳೆಯವರು. ಪೂರ್ವಕ್ಕೆ ಅವರು ಅಲ್ಲಿಯವರೆಗೆ ಕಂಡಿದ್ದ ಕೊನೆಯ ಊರು ಶಿಕಾರಿಪುರ, ಅದೂ ಮಗನಿಗೆ ನನ್ನನ್ನು ನೋಡಲು ಬಂದಾಗ.

ಐವತ್ತರ ದಶಕದ ಕೊನೆ ಅದು. ನಾನು ಮೇಷ್ಟ್ರ ಕೆಲಸದ ಪರೀಕ್ಷೆಗೆ ಓದುತ್ತಿದ್ದೆ. ತವರಿನಿಂದ ತಂದ ಪ್ರಪಂಚದ ನಕ್ಷೆಯನ್ನು ನಡುಮನೆಯ ಗೋಡೆಗೆ ಅಂಟಿಸಿದ್ದೇ ತಡ, ಮಾವ ಅದರ ಮುಂದೆ ಮಣೆ ಹಾಕಿಕೊಂಡು ಕೂತರು. ವಾಸಕ್ಕೆ ಯಾವ ಖಂಡ ಚೆನ್ನ ಎಂಬುದನ್ನು ಅವರು ತೀರ್ಮಾನಿಸಬೇಕಿತ್ತಂತೆ. ಕೇಳಿದವರು ಯಾರೋ! ಅವರ ಅಳತೆಗೋಲು ಒಂದೇ: ಅಲ್ಲಿಗೆ ಹೆಣ್ಣು ಕೊಡಬಹುದೇ? ನಾಲ್ಕು ಗಂಡುಮಕ್ಕಳ ತಂದೆ, ಹುಟ್ಟದೇ ಇದ್ದ ಮಗಳಿಗೆ ಖಂಡ ನೋಡಲು ಹೊರಟಿದ್ದರು.

“ಆಸ್ಟ್ರೇಲಿಯಾ ಹೆಂಗವ್ವಾ?”

“ಕುರಿ ಬೇಕಾದಷ್ಟು, ಮಾವ. ಸುತ್ತಲೂ ಸಮುದ್ರ.”

“ಮಳೆಗಾಲದಾಗೆ ಹುಡುಗಿ ತವರಿಗೆ ಹೆಂಗೆ ಬರ್ತಾಳೆ? ಬ್ಯಾಡ.”

ಯುರೋಪಿನಲ್ಲಿ ದಿನಾ ಅನ್ನ ಮಾಡುವುದಿಲ್ಲ ಎಂದೆ. “ಅಯ್ಯೋ ಪಾಪ” ಎಂದು ಅದನ್ನು ಬಿಟ್ಟರು. ಆಫ್ರಿಕಾದ ಅಗಲ ಬಹಳ ಹಿಡಿಸಿತ್ತು. ಮರುಭೂಮಿಯ ಸುದ್ದಿ ಕೇಳಿ, ನೀರು ಹೊತ್ತೇ ಮಗಳ ಸೊಂಟ ಬಿದ್ದುಹೋಗುತ್ತದೆ ಎಂದು ಹಿಂದೆಗೆದರು. ಅಂಟಾರ್ಕ್ಟಿಕಾದಲ್ಲಿ ಆರು ತಿಂಗಳು ಕತ್ತಲೆ ಎಂದಾಗ ಅಡುಗೆಮನೆಯಿಂದ ಅತ್ತೆ ಕೂಗಿದರು: “ಆರು ತಿಂಗಳು ನಿದ್ದೆನಾ? ಅಲ್ಲಿಗೆ ನನ್ನನ್ನೇ ಕಳಿಸ್ರೀ!”

ಅಮೆರಿಕದಲ್ಲಿ ರಾತ್ರಿಯಾದಾಗ ನಮಗೆ ಹಗಲು, ಅವರಿಗೆ ಹಗಲಾದಾಗ ನಮಗೆ ರಾತ್ರಿ ಎಂದು ವಿವರಿಸಿದೆ. ಮಾವ ನಕ್ಷೆಯ ಎರಡು ತುದಿಗೂ ಬೆರಳಿಟ್ಟು ನೋಡಿದರು. “ಹಂಗಾರೆ ಅವಳು ಅಳೋ ಹೊತ್ನಾಗೆ ನಾವಿಲ್ಲಿ ಗೊರಕೆ ಹೊಡೀತಿರ್ತೀವಿ. ಎರಡು ಅಮೆರಿಕಾನೂ ಬ್ಯಾಡ!”

ಉಳಿದದ್ದು ಏಷ್ಯಾ. ಅದಕ್ಕೆ ಸಾಕ್ಷಿಯೂ ಸಿದ್ಧವಿತ್ತು. “ನಮ್ಮ ಗುಡವಿ ಕೆರೆ ನೋಡು. ರೆಕ್ಕೆ ಇರೋ ಹಕ್ಕಿಗೆ ಯಾವ ಖಂಡ ಆದ್ರೇನು? ಆದ್ರೂ ಬಾಣಂತನಕ್ಕೆ ಇಲ್ಲಿಗೇ ಬರ್ತಾವೆ!” ಯಾವ ಭೂಗೋಳದ ಪುಸ್ತಕದಲ್ಲಿದೆ ಹೇಳಿ, ಇಂಥ ವಾದ? ಆದರೆ ನಕ್ಷೆಯಲ್ಲಿ ಸೊರಬವೇ ಇಲ್ಲವೆಂದು ತಿಳಿದಾಗ ಅವರ ಮುಖ ಕೆಂಪಾಯಿತು. ಎಲೆಗೆ ಸವರುತ್ತಿದ್ದ ಸುಣ್ಣವನ್ನೇ ಹೆಬ್ಬೆರಳಿನಿಂದ ನಕ್ಷೆಗೆ ಒತ್ತಿಬಿಟ್ಟರು. ಸೊರಬ ಬಂತು, ಅರ್ಧ ಅರಬ್ಬಿ ಸಮುದ್ರ ಹೋಯಿತು!

ನಾನು ಪಾಸಾದೆ. ಕೆಲಸದ ಆರ್ಡರೂ ಬಂತು, ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಕಡೆಯ ಹಳ್ಳಿಗೆ. ಅಲ್ಲೇ ಒಂದು ಕೋಣೆ ಹಿಡಿದು ಇರಬೇಕು. ಗದ್ದೆ ಬಿಟ್ಟು ನನ್ನ ಯಜಮಾನರು ಬರುವಂತಿರಲಿಲ್ಲ. ಮಾವನ ಅಣ್ಣ ಸಿಡಿದೆದ್ದರು. “ಮನೆ ಸೊಸೆ ಒಬ್ಬಳೇ ಪರ ಊರಾಗೆ ದುಡಿಯೋದಾ? ಜನ ಏನಂತಾರೆ?”

ಎಲ್ಲರೂ ಮಾವನ ಮುಖ ನೋಡಿದರು. ಅವರು ಬೇಡವೆಂದರೆ ನನ್ನ ಕೆಲಸದ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಎದ್ದು ಜಗಲಿಗೆ ಹೋದರು. ಮರುದಿನ ಮೊದಲ ಬಸ್ಸಿಗೆ ಎಲ್ಲಿಗೋ ಹೋದರು. ನಾನು ಇಡೀ ದಿನ ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಎಂದು ತಿಳಿಯದೆ ಅಡುಗೆ ಕೆಡಿಸಿದೆ.

ಸಂಜೆ ಬಂದವರೇ ಜಗಲಿಯಲ್ಲಿ ಕೂತು ವರದಿ ಒಪ್ಪಿಸಿದರು. “ಅವಳ ಶಾಲೆ ಊರು ನೋಡ್ಕಂಡು ಬಂದೆ, ಒಂದು ಕೋಣೆನೂ ಗೊತ್ತು ಮಾಡ್ದೆ. ಬಾವಿ ನೀರು ಸಿಹಿ ಐತೆ. ಪಕ್ಕದ ಮನೆ ಮುದುಕಿ ಬಾಯಿ ಜೋರು, ಮನಸ್ಸು ಒಳ್ಳೇದು. ಕೋಣೆ ಮಾಡಿನ ಹೆಂಚು ಎರಡು ಒಡೆದಿದ್ವು, ಬದಲು ಮಾಡಿಸಿ ಬಂದೆ. ಹೋಗ್ಲಿ ಅವಳು.”

“ಜನ?” ಎಂದರು ಅಣ್ಣ.

“ಜನ ಅವರ ಮಕ್ಕಳನ್ನ ಇವಳ ಹತ್ರ ಓದೋಕೆ ಕಳಿಸ್ಲಿ!”

ಶಾಲೆಗೆ ನನ್ನನ್ನು ಬಿಡಲು ಅವರೇ ಬಂದರು, ಹಾಸಿಗೆಯ ಸುರುಳಿ ಹೆಗಲ ಮೇಲಿಟ್ಟುಕೊಂಡು. ಒಳಗೆ ನಾನು ಬೋರ್ಡು ಒರೆಸುತ್ತಿದ್ದೆ. ಹೊರಗೆ ಒಂದು ಪುಟ್ಟ ಹುಡುಗಿ ಕೇಳಿದ್ದು ಕಿವಿಗೆ ಬಿತ್ತು: “ಅಜ್ಜಾ, ನೀವು ಯಾರು? ಹೊಸ ಅಕ್ಕೋರಿಗೆ ಏನಾಗ್ಬೇಕು?”

“ನಾನಾ? ನಿಮ್ಮ ಅಕ್ಕೋರ ಅಪ್ಪ.”

ನಾನು ಮಕ್ಕಳ ಕಡೆ ತಿರುಗಲಿಲ್ಲ. ಆ ದಿನದ ತಾರೀಖು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು.