ಅಚ್ಚುಮೆಚ್ಚಿನ ವಿಸ್ಕಿಯನ್ನು ಹುದ್ದೆಗೆ ತಕ್ಕಂತೆ ಆರಿಸಿಕೊಳ್ಳುವ ಬಗ್ಗೆ

ಸಂಖ್ಯೆ: ಆಡಳಿತ/ಇಷ್ಟಾನಿಷ್ಟ/ದ್ರವ/4
ದಿನಾಂಕ: ಸೋಮವಾರ, ಮಧ್ಯಾಹ್ನದ ಊಟದ ನಂತರ

ಸುತ್ತೋಲೆ

ವಿಷಯ: ಸಿಬ್ಬಂದಿಯು ತಮ್ಮ ಅಚ್ಚುಮೆಚ್ಚಿನ ವಿಸ್ಕಿಯನ್ನು ಆರಿಸಿಕೊಳ್ಳುವಾಗ ಪಾಲಿಸಬೇಕಾದ ಕ್ರಮ, ಹಾಗೂ ನಾಲ್ಕನೇ ಸಂಖ್ಯೆಯ ಬಾಟಲಿಯ ಹೆಸರು ಈವರೆಗೆ ಪತ್ತೆಯಾಗದಿರುವ ಬಗ್ಗೆ.

ಉಲ್ಲೇಖ: (1) ಕಳೆದ ಶುಕ್ರವಾರದ ಸೌಹಾರ್ದ ಕೂಟ.
(2) ಸದರಿ ಕೂಟದಲ್ಲಿ ಬೆರಳಚ್ಚುಗಾರ್ತಿಯವರು ನಕ್ಕಿದ್ದು.
(3) ಚಾಲಕರ ಮೌಖಿಕ ಹೇಳಿಕೆಗಳು.

ಪ್ರಸ್ತಾವನೆ:

ತಿಂಗಳ ಕೊನೆಯ ಶುಕ್ರವಾರ ಕಚೇರಿ ವೇಳೆ ಮುಗಿದ ನಂತರ ಮೇಲ್ಮಹಡಿಯ ಸಭಾಕೊಠಡಿಯಲ್ಲಿ ಸೌಹಾರ್ದ ಕೂಟ ನಡೆಯುವುದು, ಅಲ್ಲಿ ಮಾನ್ಯ ನಿರ್ದೇಶಕರು ಮೊದಲ ಗುಟುಕು ಕುಡಿದು ಅಭಿಪ್ರಾಯ ತಿಳಿಸುವುದು, ಉಳಿದವರು ಅದೇ ಅಭಿಪ್ರಾಯವನ್ನು ತಮ್ಮ ಸ್ವಂತ ನಾಲಗೆಯಿಂದ ಹೊರಡಿಸುವುದು ರೂಢಿಯಲ್ಲಿದೆ. ಹದಿನೆಂಟು ವರ್ಷ ಪೀಪಾಯಿಯಲ್ಲಿ ಮಲಗಿದ್ದ ಒಂದು ವಿದೇಶಿ ಬರ್ಬನ್ ವಿಸ್ಕಿ ತಮ್ಮ ಅಚ್ಚುಮೆಚ್ಚಿನದೆಂದು ನಿರ್ದೇಶಕರು ಅಧಿಕಾರ ವಹಿಸಿಕೊಂಡ ದಿನವೇ ಘೋಷಿಸಿದ್ದರು. ಮರುದಿನದಿಂದ ಇಡೀ ಇಲಾಖೆಗೆ ಅದೇ ಅಚ್ಚುಮೆಚ್ಚಾಯಿತು. ಅದರ ವಾಸನೆಯನ್ನೂ ಕಾಣದ ಟಪಾಲು ವಿಭಾಗದವರು ಎಲ್ಲರಿಗಿಂತ ಜೋರಾಗಿ ಮೆಚ್ಚಿದರು.

ಇದಲ್ಲದೆ, ಕಚೇರಿಯ ಆವರಣದಲ್ಲಾಗಲಿ ವಾಹನದಲ್ಲಾಗಲಿ ಕಂಡುಬರುವ ಯಾವುದೇ ವಸ್ತುವನ್ನು ಉಗ್ರಾಣಕ್ಕೆ ಸೇರಿಸಿ, ಹೊರಗಿನ ಚೀಟಿ ಕಿತ್ತು, ಇಲಾಖೆಯ ಸಂಖ್ಯೆ ಅಂಟಿಸತಕ್ಕದ್ದೆಂದು ನಿರ್ದೇಶಕರೇ ಹಿಂದೊಮ್ಮೆ ಆದೇಶಿಸಿದ್ದರು. ಆಗ ಅವರ ಮನಸ್ಸಿನಲ್ಲಿದ್ದದ್ದು ಕುರ್ಚಿಗಳು. ಉಗ್ರಾಣದ ಗುಮಾಸ್ತರು ಮನಸ್ಸನ್ನು ಓದುವವರಲ್ಲ, ಆದೇಶವನ್ನು ಓದುವವರು. ಶುಕ್ರವಾರ ಬೆಳಿಗ್ಗೆ ಅವರು ಕೂಟದ ಬಾಟಲಿಗಳನ್ನೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿ, ಹೆಸರುಗಳನ್ನು ಉಜ್ಜಿ ತೆಗೆದು, ಒಂದರಿಂದ ನಾಲ್ಕರವರೆಗೆ ಸಂಖ್ಯೆ ಅಂಟಿಸಿದರು. ನಾಲ್ಕನೆಯದು ಕಚೇರಿ ಕಾರಿನ ಡಿಕ್ಕಿಯಲ್ಲಿ ಸಿಕ್ಕಿದ್ದು.

ಸಂಜೆ ನಿರ್ದೇಶಕರು ಎರಡನೇ ಸಂಖ್ಯೆಯದನ್ನು ಒಂದು ಗುಟುಕು ಕುಡಿದು, “ಕೆಮ್ಮಿನ ಔಷಧೀನ ಯಾರ್ರೀ ಇಲ್ಲಿ ತಂದಿಟ್ಟಿದ್ದು?” ಎಂದು ಬದಿಗೆ ಸರಿಸಿದರು. ಅದೇ ಅವರ ಹದಿನೆಂಟು ವರ್ಷದ ಬರ್ಬನ್ ಎಂಬುದು ಆ ಹೊತ್ತಿನಲ್ಲಿ ಗುಮಾಸ್ತರಿಗೆ ಮಾತ್ರ ಗೊತ್ತಿತ್ತು, ಅವರನ್ನು ಯಾರೂ ಕೇಳಲಿಲ್ಲ. ನಾಲ್ಕನೆಯದನ್ನು ಕುಡಿದ ನಿರ್ದೇಶಕರು ಕಣ್ಣು ಮುಚ್ಚಿದರು. “ಇದು ನೋಡಿ ನಂದು. ಜೇನು ಬರುತ್ತೆ, ಆಮೇಲೆ ಸ್ವಲ್ಪ ಹೊಗೆ. ಕಣ್ಣು ಕಟ್ಟಿ ಕೊಟ್ರೂ ಹೇಳ್ತೀನಿ,” ಎಂದರು. ಎಲ್ಲರಿಗೂ ಜೇನು ಬಂತು. ಲೆಕ್ಕಾಧಿಕಾರಿಗಳಿಗೆ ಹೊಗೆಯೂ ಬಂತು, ಅವರು ಕಣ್ಣು ಒರೆಸಿಕೊಂಡರು. ಬಾಟಲಿ ಖಾಲಿಯಾಗುವ ಹೊತ್ತಿಗೆ ಐಸು ತಂದ ಚಾಲಕರು ಬಾಟಲಿಯ ಕೊರಳಿಗೆ ತಾವೇ ಕಟ್ಟಿದ್ದ ದಾರ ನೋಡಿ ಅದನ್ನು ಗುರುತು ಹಿಡಿದು, “ಸಾರ್, ಈ ನಾಲ್ಕನೇದು ನಂದು. ನಮ್ಮ ಮಾವನಿಗೆ ಅಂತ ಬೈಪಾಸ್ ಹತ್ರ ತಗೊಂಡು ಡಿಕ್ಕೀಲಿ ಇಟ್ಟಿದ್ದೆ,” ಎಂದರು. ಉಲ್ಲೇಖ (2)ರ ನಗು ಸಂಭವಿಸಿದ್ದು ಇಲ್ಲಿಯೇ. ಚಾಲಕರಿಂದ ಕೂಡಲೇ ಕಾರಿನ ಕೀಲಿ ಪಡೆದು, ಅವರನ್ನು ಗೇಟಿನ ಬಳಿಯ ಕುರ್ಚಿಗೆ ನಿಯೋಜಿಸಲಾಯಿತು.

ಇಂತಹ ಪ್ರಸಂಗ ಮರುಕಳಿಸದಂತೆ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಪ್ರತಿ ನೌಕರರೂ ಒಂದೇ ಒಂದು ಅಚ್ಚುಮೆಚ್ಚಿನ ವಿಸ್ಕಿಯನ್ನು ಹೊಂದತಕ್ಕದ್ದು. ಹೊಸದಾಗಿ ಇಷ್ಟವಾದ ವಿಸ್ಕಿಯನ್ನು ಪ್ರೊಬೇಷನ್ನಿನಲ್ಲಿ ಇಡತಕ್ಕದ್ದು. ಆ ಅವಧಿಯಲ್ಲಿ ಅದನ್ನು ಕುಡಿಯಬಹುದು, ಆದರೆ ಮೆಚ್ಚುವಂತಿಲ್ಲ.

2. ಅಧೀನ ನೌಕರರ ವಿಸ್ಕಿಯ ವಯಸ್ಸು ಮೇಲಧಿಕಾರಿಯ ವಿಸ್ಕಿಯ ವಯಸ್ಸನ್ನು ಮೀರಕೂಡದು. ವಿಸ್ಕಿಯ ವಯಸ್ಸು ನೌಕರರ ಸೇವಾವಧಿಗಿಂತ ಹೆಚ್ಚಿದ್ದಲ್ಲಿ ವಿಸ್ಕಿಯನ್ನೇ ಹಿರಿಯರೆಂದು ಪರಿಗಣಿಸಿ, ಎದ್ದು ನಿಂತು ಕುಡಿಯತಕ್ಕದ್ದು.

3. ‘ಜೇನು’, ‘ಹೊಗೆ’, ‘ಓಕ್ ಮರ’ ಎಂಬ ಪದಗಳನ್ನು ಅಧಿಕಾರಿಗಳಿಗೆ ಕಾಯ್ದಿರಿಸಲಾಗಿದೆ. ಗುಮಾಸ್ತರು ‘ಚೆನ್ನಾಗಿದೆ’ ಎನ್ನಬಹುದು. ಅದಕ್ಕಿಂತ ಕೆಳಗಿನವರು ತಲೆಯಾಡಿಸತಕ್ಕದ್ದು. ಟಪಾಲು ವಿಭಾಗದವರು ತಲೆಯಾಡಿಸುವ ಮೊದಲು ಲೋಟದಲ್ಲಿ ಏನಾದರೂ ಇದೆಯೇ ಎಂದು ಖಾತ್ರಿಪಡಿಸಿಕೊಳ್ಳತಕ್ಕದ್ದು.

4. ವಿಸ್ಕಿಗೆ ಸೋಡಾ ಬೆರೆಸುವವರು ಮೇಜಿನ ಆ ತುದಿಯಲ್ಲಿ ಕೂರತಕ್ಕದ್ದು. ನಿರ್ದೇಶಕರು ಸೋಡಾ ಬೆರೆಸಿದಲ್ಲಿ ಆ ತುದಿಯೇ ಈ ತುದಿಯೆಂದು ತಿಳಿಯತಕ್ಕದ್ದು.

5. ಕೂಟದಲ್ಲಿ ನಗುವುದನ್ನು ನಿಷೇಧಿಸಲಾಗಿದೆ. ನಿರ್ದೇಶಕರು ಹಾಸ್ಯ ಮಾಡಿದಾಗ ಮಾತ್ರ ಕಡ್ಡಾಯಗೊಳಿಸಲಾಗಿದೆ. “ನೆಗಡಿಯಾಗಿತ್ತು ಮೇಡಂ, ಅದು ನಗು ಅಲ್ಲ,” ಎಂದು ಬೆರಳಚ್ಚುಗಾರ್ತಿಯವರು ಕೆಳಸಹಿದಾರಳಿಗೆ ನೀಡಿದ ವಿವರಣೆಯನ್ನು ಒಪ್ಪಲಾಗಿದೆ. ಈ ಸುತ್ತೋಲೆಯನ್ನು ಬೇರೆ ಯಾರೂ ಬೆರಳಚ್ಚು ಮಾಡಲಾರರೆಂಬುದು ಇದಕ್ಕೆ ಕಾರಣ.

6. ನಿರ್ದೇಶಕರ ಅಚ್ಚುಮೆಚ್ಚಿನದು ಇಂದಿಗೂ ಹದಿನೆಂಟು ವರ್ಷದ ಬರ್ಬನ್ನೇ ಆಗಿರುತ್ತದೆ. ಶನಿವಾರ ಅವರು ಬಾಗಿಲು ಹಾಕಿಕೊಂಡು ಅದನ್ನೇ ಒಂದು ಪೆಗ್ ಸುರಿದುಕೊಂಡರೆಂದೂ, ಅದು ಕಿಟಕಿಯ ಹೂಕುಂಡ ಸೇರಿತೆಂದೂ ಹಬ್ಬಿರುವ ಸುದ್ದಿಗೆ ಆಧಾರವಿಲ್ಲ. ಗಿಡ ಬೇರೆ ಕಾರಣಕ್ಕೆ ಬಾಡಿದೆ.

7. ಆದಾಗ್ಯೂ, ಆಡಳಿತಾತ್ಮಕ ಕುತೂಹಲದ ದೃಷ್ಟಿಯಿಂದ ನಾಲ್ಕನೇ ಸಂಖ್ಯೆಯ ಬಾಟಲಿಯ ಹೆಸರು ತಿಳಿಯುವುದು ಅಗತ್ಯವಾಗಿದೆ. ಬಕೆಟ್ಟಿನಲ್ಲಿ ಹುಡುಕಲಾಗಿ ಚೀಟಿಗಳು ಮುದ್ದೆಯಾಗಿದ್ದವು. ಉಗ್ರಾಣದ ಗುಮಾಸ್ತರು ಬಿಲ್ಲಿದ್ದ ಮೂರು ಬಾಟಲಿಗಳ ಹೆಸರನ್ನು ಮಾತ್ರ ಬರೆದಿಟ್ಟುಕೊಂಡಿದ್ದರು, ನಾಲ್ಕನೆಯದಕ್ಕೆ ಬಿಲ್ಲಿರಲಿಲ್ಲ. ಲೆಕ್ಕಾಧಿಕಾರಿಗಳ ನೇತೃತ್ವದ ಶೋಧನಾ ಸಮಿತಿಯು ಭಾನುವಾರ ಬೈಪಾಸಿಗೆ ಹೋಯಿತು. ಅಲ್ಲಿ ಸಾಲಾಗಿ ಅಂಗಡಿಗಳಿದ್ದು, ಸಮಿತಿಯು ಸ್ಥಳದಲ್ಲೇ ಪರಿಶೀಲನೆ ಕೈಗೊಂಡಿತು. ಸಮಿತಿಯ ವರದಿ ಬಂದಿಲ್ಲ. ಸಮಿತಿಯೂ ಇಂದು ಕೆಲಸಕ್ಕೆ ಬಂದಿಲ್ಲ.

8. ಗೊತ್ತಿರುವವರು ಚಾಲಕರೊಬ್ಬರೇ. ಇಂದು ಬೆಳಿಗ್ಗೆ ಕೆಳಸಹಿದಾರಳು ಗೇಟಿಗೆ ಹೋಗಿ ವಿಚಾರಿಸಲಾಗಿ ಅವರು ಹೇಳಿದ್ದು: “ಹೆಸರು ಯಾರಿಗೆ ನೆನಪಿರುತ್ತೆ ಮೇಡಂ? ನಾನು ಕುಡಿಯೋನಲ್ಲ. ಕಾರಲ್ಲಿ ಹೋದ್ರೆ ಅಂಗಡಿ ಮುಂದೆ ನಿಲ್ಲಿಸಿ ಕೈ ತೋರಿಸ್ತೀನಿ.” ಬಸ್ಸಿನಲ್ಲಿ ಹೋಗಿಬರುವಂತೆ ತಿಳಿಸಲಾಗಿ: “ಬಸ್ಸಲ್ಲಿ ಕೂತ್ರೆ ನಂಗೆ ದಾರಿನೇ ಗೊತ್ತಾಗಲ್ಲ.” ಹತ್ತು ವರ್ಷದಿಂದ ಅದೇ ದಾರಿಯಲ್ಲಿ ಕಾರು ಓಡಿಸುತ್ತಿರುವುದನ್ನು ನೆನಪಿಸಲಾಗಿ ಅವರು, “ಹತ್ತು ವರ್ಷ ಅಂತ ನೀವೇ ಹೇಳ್ತೀರಿ. ಒಂದು ನಿಜ ಹೇಳಿದ್ದಕ್ಕೆ ಇಲ್ಲಿ ಕೂರಿಸಿದ್ದೀರಿ. ಬರಿಗೈಲಿ ಹೋದೆ ಅಂತ ಮಾವ ಮಾತು ಬಿಟ್ಟಿದ್ದಾರೆ. ನಾನು ಕೂತ ಜಾಗ ನೋಡಿ ಹೆಂಡ್ತಿ ಮಾತು ಬಿಟ್ಟಿದ್ದಾಳೆ,” ಎಂದರು. ಅವರ ಕಣ್ಣು ತುಂಬಿತ್ತು. ಕೆಳಸಹಿದಾರಳಿಗೂ ನಾಚಿಕೆಯಾಯಿತು.

9. ಈ ನಡುವೆ ಕಾರನ್ನು ನಿರ್ದೇಶಕರೇ ಓಡಿಸುತ್ತಿದ್ದಾರೆ. ಇಂದು ಬೆಳಿಗ್ಗೆ ಕಾರು ಗೇಟಿಗೆ ತಾಗಿದೆ. ಗೇಟು ಚಲಿಸುತ್ತಿರಲಿಲ್ಲವೆಂದು ತಿಳಿದುಬಂದಿದೆ. ಚಾಲಕರು ಎದ್ದು ನಿಂತು ಸಲಾಮು ಹೊಡೆದು, ತಮ್ಮ ಕುರ್ಚಿಯನ್ನು ಇನ್ನಷ್ಟು ಒಳಗೆ ಹಾಕಿಕೊಂಡರು.

10. ಚಾಲಕರ ಹೇಳಿಕೆಗಳನ್ನು ಕೆಳಸಹಿದಾರಳು ಊಟಕ್ಕೆ ಮುಂಚೆ ನಿರ್ದೇಶಕರ ಗಮನಕ್ಕೆ ತಂದಾಗ ಅವರು ಎದ್ದು ಬಾಗಿಲು ಹಾಕಿದರು. ನಂತರ, “ಆ ಬರ್ಬನ್ ನಂಗೆ ಯಾವತ್ತೂ ಸೇರಿಲ್ಲ ಕಣಮ್ಮ. ಹಿಂದಿನ ಸಾಹೇಬರಿಗೆ ಇಷ್ಟ ಅಂತ ನಾನೂ ಇಷ್ಟ ಅಂದೆ. ಅವರೂ ಹಾಗೇ ಅಂದಿರಬೇಕು. ಇಷ್ಟು ವರ್ಷದಲ್ಲಿ ನಂಗೇ ಅಂತ ಇಷ್ಟ ಆಗಿದ್ದು ಅದೊಂದು ನಾಲ್ಕನೇದು,” ಎಂದರು. ಇದನ್ನು ಸುತ್ತೋಲೆಯಲ್ಲಿ ಸೇರಿಸಕೂಡದೆಂದೂ ಸೂಚಿಸಿದರು. ಸದರಿ ಸೂಚನೆ ಲಿಖಿತ ರೂಪದಲ್ಲಿ ಬಾರದ ಕಾರಣ ಪರಿಗಣಿಸಲಾಗಿಲ್ಲ.

11. ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಲಾಗಿ, ಚಾಲಕರ ಗೇಟು ನಿಯೋಜನೆಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಈ ಕ್ಷಣದಿಂದಲೇ ರದ್ದುಪಡಿಸಲಾಗಿದೆ. ಇಲ್ಲಿ ಸಾರ್ವಜನಿಕರೆಂದರೆ ಕಾರಿನ ಎದುರಿಗೆ ಬರುವವರು. ಇಂದು ಸಂಜೆ ಕಚೇರಿ ಬಿಟ್ಟ ಮೇಲೆ ಚಾಲಕರು ನಿರ್ದೇಶಕರನ್ನು ಬೈಪಾಸಿಗೆ ಕರೆದೊಯ್ದು ಕೈ ತೋರಿಸತಕ್ಕದ್ದು. ಕೊಳ್ಳುವ ಮೊದಲ ಬಾಟಲಿ ಚಾಲಕರ ಮಾವನವರಿಗೆ ಸಲ್ಲತಕ್ಕದ್ದು. ಅದನ್ನು ನಿರ್ದೇಶಕರೇ ಅವರ ಮನೆಗೆ ಹೋಗಿ ಕೈಯಾರೆ ಕೊಟ್ಟು, ತಡವಾದುದಕ್ಕೆ ವಿಷಾದ ವ್ಯಕ್ತಪಡಿಸತಕ್ಕದ್ದು. ಉಗ್ರಾಣದ ಗುಮಾಸ್ತರು ಇಂದು ಸಂಜೆ ಯಾವುದೇ ಬಕೆಟ್ಟಿನ ಹತ್ತಿರ ಸುಳಿಯತಕ್ಕದ್ದಲ್ಲ.

12. ಕ್ರಮಾಂಕ 11ನ್ನು ಪೂರ್ವನಿದರ್ಶನವೆಂದು ಭಾವಿಸಿ ಉಳಿದ ಸಿಬ್ಬಂದಿ ನಿಜ ಹೇಳಲು ತೊಡಗಬಾರದೆಂದು ಕಟ್ಟುನಿಟ್ಟಾಗಿ ಎಚ್ಚರಿಸಲಾಗಿದೆ.

ಸಹಿ/-
ಕಚೇರಿ ಅಧೀಕ್ಷಕಿ
(ಮಾನ್ಯ ನಿರ್ದೇಶಕರು ಹೇಳಿದಂತೆ, ಮತ್ತು ಕೆಲವೆಡೆ ಹೇಳಬಾರದೆಂದಂತೆ)

ಪ್ರತಿಗಳು:

1. ಎಲ್ಲ ವಿಭಾಗಗಳಿಗೆ, ಪಾಲನೆಗಾಗಿ.
2. ಶೋಧನಾ ಸಮಿತಿಗೆ, ತಲೆನೋವು ಇಳಿದ ನಂತರ ಓದಿಕೊಳ್ಳಲು.
3. ತೋಟದ ಮಾಲಿಗೆ, ಕುಂಡದ ಗಿಡ ಬದಲಿಸಲು, ಕಾರಣ ಕೇಳತಕ್ಕದ್ದಲ್ಲ.
4. ನಿರ್ದೇಶಕರ ಶ್ರೀಮತಿಯವರಿಗೆ: ಕಳುಹಿಸತಕ್ಕದ್ದಲ್ಲ.
5. ಸೂಚನಾ ಫಲಕಕ್ಕೆ.
6. ಚಾಲಕರಿಗೆ, ಕಾರಿನ ಕೀಲಿಯೊಂದಿಗೆ. ನಿರ್ದೇಶಕರು ಇಂದು ಹಿಂದಿನ ಸೀಟಿನಲ್ಲಿ ಕೂರುವುದಿಲ್ಲವೆಂದು ತಿಳಿಸಿದ್ದಾರೆ. ಶುಕ್ರವಾರದಿಂದ ಮುಂದಿನ ಸೀಟಿನ ಮೇಲೇ ಇರುವ ನಿಮ್ಮ ಊಟದ ಡಬ್ಬಿ ತೆಗೆದು ಜಾಗ ಮಾಡಿಕೊಡುವುದು.